ಸೀಟು ಹದಕ್ಕೆ ಬರುವ ಬಗೆ

ಹೊಸ ಚಪ್ಪಲಿ ಕಚ್ಚುವುದನ್ನು ಅನುಭವಿಸದವರಿಲ್ಲ. ನಾಲ್ಕು ದಿನ ಕುಂಟಿದ ಮೇಲೆ ಅದೇ ಚಪ್ಪಲಿ ಕಾಲಿಗೆ ಒಗ್ಗಿ, ಮೆಟ್ಟಿಕೊಂಡದ್ದೇ ಮರೆತುಹೋಗುತ್ತದೆ. ಅಪ್ಪಟ ತೊಗಲಿನ ಸೈಕಲ್ ಸೀಟಿನ ಕಥೆಯೂ ಇದೇ. ಅಂತರವಿಷ್ಟೆ: ಸೀಟು ಒಗ್ಗಲು ನೂರಾರು ಕಿಲೋಮೀಟರುಗಳ ಸವಾರಿ ಬೇಕು.

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದಲ್ಲಿ 1866ರಲ್ಲಿ ಜಾನ್ ಬೌಲ್ಟ್‌ಬಿ ಬ್ರೂಕ್ಸ್ ಎಂಬಾತ ತೊಗಲಿನ ಸಾಮಾನುಗಳ ವ್ಯಾಪಾರ ತೆರೆದನು. ಒಮ್ಮೆ ಆತನ ಕುದುರೆ ಸತ್ತಿತೆಂದೂ, ಓಡಾಡಲು ಎರವಲು ತಂದ ಸೈಕಲ್ಲಿನ ಸೀಟಿನ ಹಿಂಸೆ ತಾಳಲಾರದೆ ತಾನೇ ಒಳ್ಳೆಯದೊಂದನ್ನು ಮಾಡಲು ಹೊರಟನೆಂದೂ ಪ್ರತೀತಿ. 1882ರಲ್ಲಿ ಆತ ತನ್ನ ಸೀಟಿನ ಪೇಟೆಂಟಿಗೆ ಅರ್ಜಿ ಹಾಕಿದನು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹೊರಬಂದ ಆ ಕಂಪನಿಯ ‘ಬಿ-17’ ಮಾದರಿ ಇಂದಿಗೂ ತಯಾರಾಗುತ್ತಿದೆ.

ಇಂಥ ಸೀಟಿನಲ್ಲಿ ಮೆತ್ತೆಯೆಂಬುದಿಲ್ಲ. ಸುಮಾರು 5 ಮಿಲಿಮೀಟರು ದಪ್ಪದ ತೊಗಲೊಂದನ್ನು ಉಕ್ಕಿನ ಚೌಕಟ್ಟಿನ ಮೂತಿಗೂ ಹಿಂಬದಿಗೂ ನಡುವೆ ಜೋಲಿಯಂತೆ ಬಿಗಿದಿರುತ್ತಾರೆ. ಆ ತೊಗಲು ಮರಗಿಡಗಳ ಒಗರಿನಿಂದ ಹದವಾದದ್ದು. ದಕ್ಷಿಣ ಭಾರತದಲ್ಲಿ ಆವರಿಕೆಯ ತೊಗಟೆಯಿಂದ ಚರ್ಮ ಹದಮಾಡುತ್ತಿದ್ದುದೂ ಇದೇ ವಿಧಾನದಲ್ಲಿ. ಹೀಗೆ ಹದವಾದ ತೊಗಲು ಮೈಯ ಬಿಸಿಗೂ ಬೆವರಿಗೂ ಭಾರಕ್ಕೂ ನಿಧಾನವಾಗಿ ಮಣಿಯುತ್ತದೆ. ಕುಳಿತಾಗ ಭಾರ ಹೊರುವ ಎರಡು ಎಲುಬುಗಳ ಅಡಿಯಲ್ಲಿ ಕ್ರಮೇಣ ಎರಡು ಸಣ್ಣ ಕುಳಿಗಳು ಮೂಡುತ್ತವೆ. ಅಂದಿನಿಂದ ಅದು ಆ ಸವಾರನದೇ ಸೀಟು.

ಆತುರಗಾರ ಎಡವುವುದು ಈ ಕುಳಿಗಳಿಗಾಗಿ ಕಾಯಲಾರದೆ. ಸೀಟನ್ನು ನೀರಿನಲ್ಲಿ ನೆನೆಹಾಕುತ್ತಾನೆ, ಎಣ್ಣೆ ಸುರಿಯುತ್ತಾನೆ. ತೊಗಲು ಬೇಗನೆ ಮೆತ್ತಗಾಗುವುದೇನೋ ನಿಜ. ಆದರೆ ಒಮ್ಮೆ ಬಿಗಿ ತಪ್ಪಿದ ತೊಗಲು ಮತ್ತೆ ಹಿಂದಿನಂತಾಗದು. ನಡುವೆ ಜೋತುಬೀಳುತ್ತದೆ, ಅಂಚುಗಳು ಹೊರಚಾಚಿ ತೊಡೆಯನ್ನು ಉಜ್ಜುತ್ತವೆ. ವರ್ಷಗಟ್ಟಲೆ ಬಾಳಬೇಕಾದ ವಸ್ತು ಕೆಲವೇ ದಿನಗಳಲ್ಲಿ ಹಾಳಾಗುತ್ತದೆ.

ತಿಳಿದವರ ಕ್ರಮ ಸರಳವಾದುದು. ತೊಗಲಿಗೆಂದೇ ತಯಾರಿಸಿದ ಮೇಣವನ್ನು ತೆಳುವಾಗಿ ಸವರಿ, ಹೀರಿಕೊಳ್ಳಲು ಬಿಟ್ಟು, ಒಣಬಟ್ಟೆಯಿಂದ ಉಜ್ಜುವುದು. ಸೀಟನ್ನು ಮಟ್ಟಸವಾಗಿ, ಇಲ್ಲವೆ ಮೂತಿ ತುಸುವೇ ಮೇಲಿರುವಂತೆ ನಿಲ್ಲಿಸುವುದು. ಮೊದಮೊದಲು ಸಣ್ಣ ಸವಾರಿಗಳನ್ನೇ ಮಾಡುವುದು. ಮಳೆಯಲ್ಲಿ ಹೊದಿಕೆ ಹಾಕಬೇಕು. ಅಕಸ್ಮಾತ್ತಾಗಿ ನೆನೆದರೆ ನೆರಳಿನಲ್ಲಿಯೇ ಒಣಗಿಸಬೇಕು, ಬಿಸಿಲೂ ಬೆಂಕಿಯೂ ಕೂಡದು. ಮೂತಿಯ ಕೆಳಗಿರುವ ನಟ್ಟನ್ನು ಹೊಸದರಲ್ಲಿ ಮುಟ್ಟಲೇಬಾರದು. ಮುಂದೆಂದಾದರೂ ತೊಗಲು ಜಗ್ಗಿದರೆ ಕಾಲು ಸುತ್ತು ಬಿಗಿದರೆ ಸಾಕು. ಆರಂಭದ ನೋವು ದಿನೇ ದಿನೇ ಇಳಿಯಬೇಕು. ಮೈ ಜೋಮು ಹಿಡಿಯುತ್ತಿದ್ದರೆ ಅದನ್ನು ಸಹಿಸಿಕೊಂಡು ಕೂರುವುದು ತಾಳ್ಮೆಯಲ್ಲ. ಸೀಟಿನ ಅಗಲವೋ ಎತ್ತರವೋ ತಪ್ಪಿದೆಯೆಂದೇ ತಿಳಿಯಬೇಕು.

ಒಂದು ಕಾಲಕ್ಕೆ ಭಾರತದ ಬೀದಿಗಳಲ್ಲಿ ಓಡಾಡುತ್ತಿದ್ದ ಕರಿಯ ಸೈಕಲ್ಲುಗಳಲ್ಲಿಯೂ ತೊಗಲಿನ ಸೀಟುಗಳು ಇರುತ್ತಿದ್ದವು. ಇಂದು ಬಹುಪಾಲು ಸೈಕಲ್ಲುಗಳಿಗೆ ಪ್ಲಾಸ್ಟಿಕ್ಕು, ಫೋಮುಗಳ ಮೆತ್ತೆ ಬಂದಿದೆ. ಅದು ಮೊದಲ ದಿನವೇ ಹಿತ. ಆದರೆ ಯಾರು ಕುಳಿತರೂ ಅದಕ್ಕೆ ಒಂದೇ. ತೊಗಲಿನ ಸೀಟನ್ನು ಹದಕ್ಕೆ ತಂದವರು ಅದನ್ನು ಎರವಲು ಕೊಡಲು ಹಿಂಜರಿಯುತ್ತಾರೆ. ಸೈಕಲ್ಲು ಹಳತಾಗಿ ಮಾರುವ ದಿನ ಬಂದಾಗ, ಸೀಟೊಂದನ್ನು ಮಾತ್ರ ಬಿಚ್ಚಿ ಮನೆಯೊಳಗೆ ಇರಿಸಿಕೊಳ್ಳುವವರುಂಟು.