ನಮ್ಮ ಮಾತು ಬರೀ ನಗಿಸಾಕಲ್ಲ

ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದ ಹೊಸದರಲ್ಲಿ ಪರಿಚಯ ಆದವರೆಲ್ಲ ಮೊದಲು ಕೇಳುತ್ತಿದ್ದದ್ದು 'ಯಾವೂರು?' ಅಂತ. 'ಬೆಳಗಾವಿ, ಹಿಂದವಾಡಿ' ಅಂದ ಕೂಡಲೇ ಎರಡನೇ ಮಾತು ಗ್ಯಾರಂಟಿ: 'ಓಹ್, ಹಂಗಾದ್ರ ಒಂದು ಡೈಲಾಗ್ ಹೊಡೀರಿ!' ನಾನು ಮನೆಯಲ್ಲಿ ದಿನಾ ಆಡುವ ಮಾತು ಅವರಿಗೆ ಡೈಲಾಗ್. ಮೀಟಿಂಗಿನಲ್ಲಿ ಸರ್ವರ್ ಯಾಕೆ ಬಿತ್ತು ಅಂತ ವಿವರಿಸುವಾಗ ಬಾಯಿಂದ 'ರಾತ್ರಿನ ಕೆಟ್ಟ ಹೋಗೇತ್ರಿ' ಅಂತ ಬಂದರೆ ಸಾಕು, ಕೆಟ್ಟುಹೋದ ಸರ್ವರ್ ಒಂದು ಕಡೆ, ನಗು ಒಂದು ಕಡೆ.

ಯಾರಿಗೂ ಕೆಟ್ಟ ಮನಸ್ಸಿರಲಿಲ್ಲ. ಅವರಲ್ಲಿ ಹೆಚ್ಚಿನವರು ಧಾರವಾಡದಿಂದ ಈಚೆ ಬಂದವರೇ ಅಲ್ಲ. ನಮ್ಮ ಮಾತನ್ನು ಅವರು ಕೇಳಿದ್ದು ಸಿನಿಮಾದಲ್ಲಿ. ಅಲ್ಲಿ ಅದನ್ನು ಆಡುತ್ತಿದ್ದವರು ಯಾರು? ಹೀರೋ ಮನೆಯ ಅಡುಗೆಯವನು, ಕುಡುಕ, ಭಿಕ್ಷುಕ, ಬಾಯಿಬಡಕ ಅತ್ತೆ. ಹೀರೋ-ಹೀರೋಯಿನ್ ಪ್ರೀತಿ ಮಾಡುವಾಗ, ಅಳುವಾಗ, ನ್ಯಾಯ ಕೇಳುವಾಗ ಮೈಸೂರು-ಬೆಂಗಳೂರಿನ ಕನ್ನಡ. ನಡುವೆ ಐದು ನಿಮಿಷ ನಗಿಸಬೇಕಾದಾಗ ನಮ್ಮ ಕನ್ನಡ. ಇತ್ತೀಚೆಗೆ ಸ್ವಲ್ಪ ಬದಲಾಗಿದೆ, ನಿಜ. 2023ರಲ್ಲಿ ಬಂದ 'ಗುರುದೇವ್ ಹೊಯ್ಸಳ'ದ ಕಥೆ ಬೆಳಗಾವಿಯಲ್ಲೇ ನಡೆಯುತ್ತದೆ. ಅದರಲ್ಲಿ ನಮ್ಮ ಮಾತಿನ ಖದರು ಸಿಕ್ಕಿದ್ದು ಖಳನಾಯಕನ ಪಾತ್ರಕ್ಕೆ. ನವೀನ್ ಶಂಕರ್ ಆ ಪಾತ್ರವನ್ನು ಸೊಗಸಾಗಿ ಮಾಡಿದ್ದಾರೆ, ಅದರಲ್ಲಿ ಎರಡು ಮಾತಿಲ್ಲ. ಆದರೂ ಥಿಯೇಟರಿನಿಂದ ಹೊರಗೆ ಬರುವಾಗ ಗೆಳೆಯನೊಬ್ಬ ಅಂದ, 'ಮೊದ್ಲ ನಗಿಸಾಕ ನಾವಿದ್ವಿ, ಈಗ ಹೀರೋನ ಕಡಿಂದ ಹೊಡಿಸ್ಕೊಳ್ಳಾಕ ನಾವ.'

ನಾನು ಆಫ್‌ಬೀಟ್ ಸಿನಿಮಾಗಳ ಹುಚ್ಚು ಹಿಡಿಸಿಕೊಂಡಿದ್ದು ಇದೇ ಕಾರಣಕ್ಕೆ. ಪ್ರಶಸ್ತಿ ಬಂದಿದೆ ಅಂತಲೋ, ಬುದ್ಧಿವಂತ ಅನ್ನಿಸಿಕೊಳ್ಳಬೇಕು ಅಂತಲೋ ಅಲ್ಲ. ನಮ್ಮ ಕಡೆ ಮನುಷ್ಯ ಇಡೀ ಎರಡು ತಾಸು ಪರದೆ ಮೇಲೆ ಮನುಷ್ಯನಾಗಿಯೇ ಇರುವುದು ನನಗೆ ಕಂಡದ್ದು ಈ ಸಣ್ಣ ಸಿನಿಮಾಗಳಲ್ಲೇ.

ಇದಕ್ಕೆ ವೈಜನಾಥ ಬಿರಾದಾರ ಅವರಿಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಭಿಕ್ಷುಕ, ಕುಡುಕ ಅಂತ ನೂರಾರು ಸಿನಿಮಾಗಳಲ್ಲಿ ಬಂದು ನಗಿಸಿ ಹೋದ ನಟ. ಗಿರೀಶ ಕಾಸರವಳ್ಳಿ ಅವರಿಗೆ 'ಕನಸೆಂಬೋ ಕುದುರೆಯನೇರಿ'ಯಲ್ಲಿ ಗುಂಡಿ ತೋಡುವ ಈರ್ಯಾನ ಪಾತ್ರ ಕೊಟ್ಟರು. ಅಮರೇಶ ನುಗಡೋಣಿ ಅವರ ಕಥೆ ಅದು. ಈರ್ಯಾನ ಕನಸಿನಲ್ಲಿ ಸಿದ್ಧ ಬಂದರೆ ಊರಲ್ಲಿ ಒಂದು ಸಾವು ಆಗಿದೆ ಅಂತಲೇ ಅರ್ಥ. ಒಂದು ದಿನ ಕನಸು ಬೀಳುತ್ತದೆ, ಆದರೆ ಯಾರೂ ಸತ್ತಿಲ್ಲ ಅನ್ನುತ್ತಾರೆ. ಸಾವನ್ನು ದೊಡ್ಡ ಮನೆಯವರು ಮುಚ್ಚಿಟ್ಟಿರುತ್ತಾರೆ. ತನ್ನ ಕನಸೇ ಸುಳ್ಳಾಯಿತೇನೋ ಅಂತ ಒದ್ದಾಡುವ ಆ ಬಡವನ ಮುಖ ಇದೆಯಲ್ಲ, ಅದನ್ನು ನೋಡಿದ ಮೇಲೆ ಬಿರಾದಾರ ಅವರ ಹಳೇ ಕಾಮಿಡಿ ಸೀನ್‌ಗಳಿಗೆ ನನಗೆ ಮೊದಲಿನಂತೆ ನಗಲು ಆಗಲಿಲ್ಲ. ಇಷ್ಟು ವರ್ಷ ಇಂಥ ನಟನನ್ನು ಏನಕ್ಕೆ ಬಳಸಿದ್ರಪ್ಪಾ ಅನ್ನಿಸಿತು. ಜೊತೆಗೆ ಹೆಂಡತಿಯ ಪಾತ್ರದಲ್ಲಿ ಉಮಾಶ್ರೀ. ಅವರದೂ ಅದೇ ಕಥೆ. ಕಾಮಿಡಿಯಲ್ಲಿ ಕಳೆದುಹೋಗಿದ್ದ ಅವರಿಗೆ ಕಾಸರವಳ್ಳಿ ಅವರ 'ಗುಲಾಬಿ ಟಾಕೀಸ್' ರಾಷ್ಟ್ರಪ್ರಶಸ್ತಿ ತಂದುಕೊಟ್ಟಿತು.

ಕಾಸರವಳ್ಳಿ ಅವರಿಗೆ ಸ್ವರ್ಣಕಮಲ ಬಂದಿದ್ದು ನಾಲ್ಕು ಸಲ. 'ಘಟಶ್ರಾದ್ಧ', 'ತಬರನ ಕಥೆ', 'ತಾಯಿ ಸಾಹೇಬ', 'ದ್ವೀಪ'. ಇವುಗಳಲ್ಲಿ ನಮ್ಮ ಕಡೆಯವರಿಗೆ ಹತ್ತಿರ ಅನ್ನಿಸುವುದು 'ತಾಯಿ ಸಾಹೇಬ'. ರಂ.ಶಾ. ಲೋಕಾಪುರ ಅವರ ಕಾದಂಬರಿ, ಜಯಮಾಲಾ ಮುಖ್ಯ ಪಾತ್ರ. ಅದರಲ್ಲಿ ನಮ್ಮ ಭಾಷೆ ಬಡವರ ಬಾಯಲ್ಲಷ್ಟೇ ಇಲ್ಲ, ವಾಡೆಯ ಒಡತಿಯ ಬಾಯಲ್ಲೂ ಇದೆ. ಆಕೆ ತಗ್ಗಿದ ದನಿಯಲ್ಲಿ ಒಂದು ಮಾತಾಡಿದರೆ ಮನೆಯೇ ಸುಮ್ಮನಾಗುತ್ತದೆ. ನಮ್ಮ ಮಾತಿಗೆ ಅಷ್ಟು ಗತ್ತು ಇದೆ ಅಂತ ಪರದೆ ಮೇಲೆ ಕಂಡವರು ಎಷ್ಟು ಜನ?

ಆಮೇಲೆ 'ಹರಿವು'. ಮಂಸೋರೆ ಅವರ ಮೊದಲ ಸಿನಿಮಾ, 2014ರದು. ಕಾಯಿಲೆಯ ಮಗನನ್ನು ಬೆಂಗಳೂರಿನ ಆಸ್ಪತ್ರೆಗೆ ಕರೆತಂದ ಅಪ್ಪ, ಮಗ ತೀರಿಕೊಂಡ ಮೇಲೆ ಹೆಣವನ್ನು ಟ್ರಂಕಿನಲ್ಲಿಟ್ಟುಕೊಂಡು ಊರಿಗೆ ಹೊರಡುವ ಕಥೆ. ನಿಜವಾಗಿ ನಡೆದದ್ದು. ಅಪ್ಪನಾಗಿ ಸಂಚಾರಿ ವಿಜಯ್. ಬೆಂಗಳೂರು-ಬೆಳಗಾವಿ ರಾತ್ರಿ ಬಸ್ಸಿನಲ್ಲಿ ನಾನು ಎಷ್ಟು ಸಲ ಓಡಾಡಿದ್ದೇನೋ ಲೆಕ್ಕವಿಲ್ಲ. ಈ ಸಿನಿಮಾ ನೋಡಿದ ಮೇಲೆ ಬಸ್ಸಿನ ಟಾಪಿನ ಮೇಲೆ, ಡಿಕ್ಕಿಯೊಳಗೆ ಯಾರಾದರೂ ಟ್ರಂಕು ಇಡಿಸುವಾಗ ಒಂದು ಸಲ ಹೊಟ್ಟೆಯಲ್ಲಿ ಏನೋ ಆಗುತ್ತದೆ.

ಆದರೆ ನಮ್ಮ ಮನೆಯಲ್ಲಿ ಗೆದ್ದ ಸಿನಿಮಾ ಬೇರೆ. 'ಶಿವಮ್ಮ'. ಪೂರ್ತಿ ಹೆಸರು 'ಶಿವಮ್ಮ ಯರೇಹಂಚಿನಾಳ'. ಯರೇಹಂಚಿನಾಳ ಕೊಪ್ಪಳ ಜಿಲ್ಲೆಯ ಹಳ್ಳಿ. ಜೈಶಂಕರ್ ಆರ್ಯರ್ ನಿರ್ದೇಶಿಸಿದ, ರಿಷಬ್ ಶೆಟ್ಟಿ ನಿರ್ಮಿಸಿದ ಈ ಸಿನಿಮಾ 2022ರಲ್ಲಿ ದಕ್ಷಿಣ ಕೊರಿಯಾದ ಬೂಸಾನ್ ಚಿತ್ರೋತ್ಸವದಲ್ಲಿ 'ನ್ಯೂ ಕರೆಂಟ್ಸ್' ಪ್ರಶಸ್ತಿ ಗೆದ್ದಿತು. ನಮ್ಮ ಥಿಯೇಟರುಗಳಿಗೆ ಬರಲು ಜೂನ್ 2024 ಆಯಿತು. ಕೊಪ್ಪಳದ ಕಥೆ ಕೊರಿಯಾ ಮುಟ್ಟಿ ಎರಡು ವರ್ಷದ ಮೇಲೆ ಕರ್ನಾಟಕ ಮುಟ್ಟಿದೆ! ನಟಿಸಿದವರು ಬಹುತೇಕ ಅದೇ ಊರಿನವರು. ಶಿವಮ್ಮನಾಗಿ ಶರಣಮ್ಮ ಚಟ್ಟಿ.

ಆಗ ಅವ್ವ ಬೆಂಗಳೂರಿಗೆ ಬಂದಿದ್ದಳು. ಮಲ್ಟಿಪ್ಲೆಕ್ಸ್ ಅಂದರೆ ಅವಳಿಗೆ ಎಸಿ ಚಳಿ, ತುಟ್ಟಿ ಪಾಪ್‌ಕಾರ್ನ್ ಅಷ್ಟೇ. ಒತ್ತಾಯ ಮಾಡಿ ಕರೆದುಕೊಂಡು ಹೋದೆ. ಸಿನಿಮಾ ಶುರುವಾಗಿ ಹತ್ತು ನಿಮಿಷಕ್ಕೆ ಕಿವಿಯಲ್ಲಿ ಕೇಳಿದಳು, 'ತಮ್ಮಾ, ಇಕಿ ಖರೇನ ಸಿನಿಮಾದಾಕಿ ಏನೋ? ಮನ್ಯಾಗ ಮಾತಾಡಿದಂಗ ಮಾತಾಡಾಕತ್ತಾಳಲ್ಲ!' ಶಿವಮ್ಮ ಶಾಲೆಯಲ್ಲಿ ಅಡುಗೆ ಮಾಡುವಾಕಿ. ಗಂಡನಿಗೆ ಲಕ್ವ ಹೊಡೆದಿದೆ. ಮಗಳ ಮದುವೆಗೆ ಅಂತ ಕೂಡಿಸಿಟ್ಟ ದುಡ್ಡನ್ನು ನೆಟ್‌ವರ್ಕ್ ಮಾರ್ಕೆಟಿಂಗಿಗೆ ಹಾಕಿ, ಶಕ್ತಿ ಬರುತ್ತೆ ಅನ್ನುವ ಪಾನೀಯ ಮಾರುತ್ತಾ ಊರೆಲ್ಲ ತಿರುಗುತ್ತಾಳೆ. ಇಡೀ ಊರು ಬೇಡ ಅಂದರೂ ಅವಳ ನಂಬಿಕೆ ಕದಲುವುದಿಲ್ಲ.

ಅವ್ವ ಆಮೇಲೆ ಮಾತಾಡಲಿಲ್ಲ. ಮನೆಗೆ ಬಂದು ಚಹಾ ಇಡುತ್ತಾ ಹೇಳಿದಳು, 'ನಮ್ಮ ಓಣ್ಯಾಗೂ ಒಬ್ಬಾಕಿ ಬರ್ತಿದ್ಳಲ್ಲ, ಪುಡಿ ಡಬ್ಬಿ ತಗೊಂಡು. ಭಿಡೇಕ ಬಿದ್ದು ಎರಡು ಡಬ್ಬಿ ತಗೊಂಡು, ಮುಂದ ಅಕಿ ಬರೂದು ಕಂಡ್ರ ಬಾಗ್ಲಾ ಹಾಕೋತಿದ್ನಿ. ಅಕೀ ಮನ್ಯಾಗ ಏನಿತ್ತು ಅಂತ ಒಂದಿನಾ ಕೇಳಲಿಲ್ಲ ನೋಡು.' ಒಂದು ಸಿನಿಮಾದಿಂದ ಇದಕ್ಕಿಂತ ಹೆಚ್ಚು ಏನು ಬೇಕು? ನಾನು ಬರೆಯಬಹುದಾದ ಯಾವ ವಿಮರ್ಶೆಯೂ ಅವ್ವನ ಆ ಮಾತಿನ ಮುಂದೆ ನಿಲ್ಲುವುದಿಲ್ಲ.

ಹಾಗಂತ ಆಫ್‌ಬೀಟ್ ಅಂದದ್ದೆಲ್ಲ ಚಿನ್ನ ಅಂತ ನಾನು ಹೇಳಲ್ಲ. ಈ ಜಾತಿಯ ಸಿನಿಮಾಗಳ ಬಗ್ಗೆಯೂ ನನ್ನ ತಕರಾರುಗಳಿವೆ. ಮುದುಕಿಯೊಬ್ಬಳು ಬಾವಿಯಿಂದ ಮನೆವರೆಗೆ ನಡೆಯುವುದನ್ನು ಪೂರಾ ತೋರಿಸಿದ ಮಾತ್ರಕ್ಕೆ ಸಿನಿಮಾ ಕಲಾತ್ಮಕ ಆಗುವುದಿಲ್ಲ. ಕೆಲವರಿಗೆ ಬಡತನ ಅಂದರೆ ಬರೀ ಅಳು. ಬಡವರ ಮನೆಯಲ್ಲಿ ಚಾಷ್ಟಿ ಇಲ್ವಾ, ಜಗಳ ಇಲ್ವಾ, ಆಸೆ ಇಲ್ವಾ? ಪ್ರಶಸ್ತಿ ಸಮಿತಿಯ ಕಣ್ಣಿಗೆ ಅಂತಲೇ ಮಾಡಿದ ಸಿನಿಮಾ ಹದಿನೈದು ನಿಮಿಷಕ್ಕೆ ಗೊತ್ತಾಗಿಬಿಡುತ್ತದೆ. ಅಂಥದ್ದಕ್ಕೆ ಜನ ಬರಲಿಲ್ಲ ಅಂತ ಜನರನ್ನು ಬೈಯುವುದು ನನಗೆ ಸರಿ ಕಾಣುವುದಿಲ್ಲ.

'ತಿಥಿ' ನೋಡಿ. ರಾಮ್ ರೆಡ್ಡಿ ನಿರ್ದೇಶನ, ಈರೇಗೌಡ ಅವರ ಜೊತೆ ಸೇರಿ ಬರೆದದ್ದು. ಮಂಡ್ಯ ಕಡೆಯ ನೊದೆಕೊಪ್ಪಲಿನ ಜನರೇ ನಟರು. 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊದಲ್ಲಿ ಪ್ರಶಸ್ತಿ, ಮರುವರ್ಷ ಇಲ್ಲಿ ಬಿಡುಗಡೆ. ಇಡೀ ಸಿನಿಮಾ ನಗು. ಆದರೆ ಗಡ್ಡಪ್ಪನ ಮಂಡ್ಯ ಕನ್ನಡ ಕೇಳಿ ನಾವು ನಗುವುದಿಲ್ಲ, ಗಡ್ಡಪ್ಪ ಮಾಡುವ ಕಿತಾಪತಿಗೆ ನಗುತ್ತೇವೆ. ಈ ವ್ಯತ್ಯಾಸ ದೊಡ್ಡದು. ಮಾತಿನ ಧಾಟಿಯನ್ನೇ ಜೋಕು ಮಾಡಿದರೆ ಆಡುವವನು ಸಣ್ಣವನಾಗುತ್ತಾನೆ. ಸಂದರ್ಭ ನಗಿಸಿದರೆ ನಾವೂ ಅವನೂ ಕೂಡಿ ನಗುತ್ತೇವೆ.

ಇಲ್ಲಿ ಒಂದು ಹೊಟ್ಟೆಕಿಚ್ಚನ್ನೂ ಹೇಳಿಬಿಡುತ್ತೇನೆ. ಹಿಂದವಾಡಿ, ಟಿಳಕವಾಡಿಯಲ್ಲಿ ಬೆಳೆದವರಿಗೆ ಅರ್ಧ ಗೆಳೆಯರು ಮರಾಠಿ ಮನೆಯವರು. 2016ರಲ್ಲಿ 'ಸೈರಾಟ್' ಬಂದಾಗ ಇಡೀ ಓಣಿ ಅದರ ಹಾಡು. ನಾಗರಾಜ್ ಮಂಜುಳೆ ಸೊಲ್ಲಾಪುರ ಜಿಲ್ಲೆ ಕರಮಾಳಾದವರು, ಅವರ ಸಿನಿಮಾದ ಹುಡುಗ-ಹುಡುಗಿ ಪುಣೆಯ ಶುದ್ಧ ಮರಾಠಿ ಆಡಲಿಲ್ಲ, ಆ ಕಡೆಯ ಹಳ್ಳಿ ಮರಾಠಿಯಲ್ಲೇ ಪ್ರೀತಿ ಮಾಡಿದರು, ಜಗಳ ಆಡಿದರು. ಅದು ಮರಾಠಿಯಲ್ಲಿ ಹಿಂದೆ ಯಾವ ಸಿನಿಮಾವೂ ಗಳಿಸದಷ್ಟು ಗಳಿಸಿತು. ಅದಕ್ಕೂ ಮೊದಲು ಅವರು 'ಫಂಡ್ರಿ'ಯಂಥ ಸಣ್ಣ ಸಿನಿಮಾ ಮಾಡಿದ್ದರು, ಜನ ಅದನ್ನೂ ನೋಡಿದ್ದರು. ಸೊಲ್ಲಾಪುರದ ಧಾಟಿಗೆ ಸಿಕ್ಕ ಭಾಗ್ಯ ಕೊಪ್ಪಳ, ರಾಯಚೂರು, ಬೆಳಗಾವಿಯ ಧಾಟಿಗೆ ಯಾವಾಗ?

ರಾಯಚೂರು ಅಂದೆ, 'ಫೋಟೋ' ನೆನಪಾಯಿತು. ಉತ್ಸವ್ ಗೋನವಾರ ಅವರ ಸಿನಿಮಾ, ಮಾರ್ಚ್ 2024ರಲ್ಲಿ ಬಂತು, ಪ್ರಕಾಶ್ ರಾಜ್ ಬೆನ್ನಿಗೆ ನಿಂತಿದ್ದರು. ವಿಧಾನಸೌಧದ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳಬೇಕು ಅನ್ನುವ ಹುಡುಗ ಬೆಂಗಳೂರಿನಲ್ಲಿ ಕೂಲಿ ಮಾಡುವ ಅಪ್ಪನ ಹತ್ತಿರ ಬರುತ್ತಾನೆ, ಅಷ್ಟರಲ್ಲಿ ಲಾಕ್‌ಡೌನ್. ಆಮೇಲಿನದ್ದು ನಡಿಗೆ. 2020ರಲ್ಲಿ ನಾನು ಹಿಂದವಾಡಿಯ ಮನೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಆರಾಮಾಗಿ ಕೆಲಸ ಮಾಡುತ್ತಿದ್ದೆ. ಅದೇ ಹೊತ್ತಿನಲ್ಲಿ ನಮ್ಮದೇ ಮಾತಾಡುವ ಜನ ಹೆದ್ದಾರಿ ಮೇಲಿದ್ದರು. ಸುದ್ದಿಯಲ್ಲಿ ನೋಡಿದ್ದೆ. ಆ ಹುಡುಗನ ಹೆಸರು ಹಿಡಿದು, ಅವನ ಕಾಲಿನ ಜೊತೆ ನಡೆಯುವಂತೆ ಮಾಡಿದ್ದು ಸಿನಿಮಾ.

ಸರಿ, ಇಂಥ ಸಿನಿಮಾ ನಮ್ಮೂರಲ್ಲಿ ಯಾಕೆ ಸಿಗುವುದಿಲ್ಲ? ಲೆಕ್ಕ ಸರಳ. ಬಹಳಷ್ಟು ಒಂಟಿ ಪರದೆಯ ಥಿಯೇಟರುಗಳಿಗೆ ವಾರದ ಬಾಡಿಗೆಯನ್ನು ನಿರ್ಮಾಪಕರೇ ಕಟ್ಟಬೇಕು. ಸಣ್ಣ ಸಿನಿಮಾದವರ ಕೈಯಲ್ಲಿ ಅಷ್ಟು ದುಡ್ಡಿರುವುದಿಲ್ಲ. ಮಲ್ಟಿಪ್ಲೆಕ್ಸಿನಲ್ಲಿ ಪಾಲು ಲೆಕ್ಕ, ಆದರೆ ಸಿಗುವುದು ಒಂದೋ ಎರಡೋ ಶೋ, ಅದೂ ಬೆಳಗ್ಗೆ ಹತ್ತಕ್ಕೆ ಅಥವಾ ಮಧ್ಯಾಹ್ನ. ಶುಕ್ರವಾರದಿಂದ ಭಾನುವಾರದೊಳಗೆ ಸೀಟು ತುಂಬದಿದ್ದರೆ ಸೋಮವಾರ ಪೋಸ್ಟರ್ ಕೆಳಗೆ. 'ಚೆನ್ನಾಗಿದೆಯಂತೆ' ಅನ್ನುವ ಮಾತು ಬೆಂಗಳೂರಿನಿಂದ ಬೆಳಗಾವಿಗೆ ಬರುವಷ್ಟರಲ್ಲಿ ಸಿನಿಮಾನೇ ಇರಲ್ಲ. ಒಮ್ಮೆ ನಮ್ಮೂರಿನ ಒಂದು ಥಿಯೇಟರಿನಲ್ಲಿ 'ಹತ್ತ ಮಂದಿ ಆದ್ರ ಶೋ ಹಾಕ್ತೀವ್ರಿ' ಅಂದರು. ಏಳು ಜನ ಆದೆವು. ಉಳಿದ ಮೂವರಿಗಾಗಿ ಅರ್ಧ ತಾಸು ರಸ್ತೆ ನೋಡಿ, ದುಡ್ಡು ವಾಪಸು ತಗೊಂಡು, ಏಳೂ ಜನ ಕೂಡಿ ಮಿಸಳ್ ತಿಂದು ಮನೆಗೆ ಹೋದೆವು.

ಓಟಿಟಿ ಇದೆಯಲ್ಲ ಅಂತೀರಾ? ರಕ್ಷಿತ್ ಶೆಟ್ಟಿಯಂಥ ಹೆಸರಿರುವವರೇ 'ಏಕಂ' ವೆಬ್ ಸರಣಿಯನ್ನು ಯಾರೂ ಕೊಳ್ಳಲಿಲ್ಲ ಅಂತ 2024ರಲ್ಲಿ ಅದಕ್ಕಾಗಿಯೇ ಮಾಡಿದ ಜಾಲತಾಣದಲ್ಲಿ ಬಿಡುಗಡೆ ಮಾಡಿದರು. ದೊಡ್ಡವರ ಗತಿ ಹೀಗಾದರೆ ಯರೇಹಂಚಿನಾಳದ ಕಥೆ ಏನು?

ಆದರೂ ದಾರಿ ಇಲ್ಲ ಅಂತ ನನಗೆ ಅನ್ನಿಸುವುದಿಲ್ಲ. 2013ರಲ್ಲಿ ಪವನ್ ಕುಮಾರ್ 'ಲೂಸಿಯಾ'ವನ್ನು ಸುಮಾರು 110 ಜನ ಸಾಮಾನ್ಯರು ಹಾಕಿದ 51 ಲಕ್ಷ ರೂಪಾಯಿಯಲ್ಲಿ ಮಾಡಿ ತೋರಿಸಿದರು. ಸಿನಿಮಾ ಮಾಡಲು ಜನ ಸೇರಬಹುದಾದರೆ ಸಿನಿಮಾ ತರಿಸಲೂ ಸೇರಬಹುದು. ಅದಕ್ಕೂ ನಲವತ್ತು ವರ್ಷ ಮೊದಲು, 1973ರಲ್ಲಿ, ಕೆ.ವಿ. ಸುಬ್ಬಣ್ಣ ಸಾಗರ ತಾಲೂಕಿನ ಹೆಗ್ಗೋಡಿನಲ್ಲಿ ನೀನಾಸಂ ಚಿತ್ರಸಮಾಜ ಕಟ್ಟಿದರು. ಅಡಿಕೆ ತೋಟದ ರೈತರು, ಕೂಲಿಯವರು ಕೂತು ಸತ್ಯಜಿತ್ ರಾಯ್, ಕುರೊಸಾವಾ ಸಿನಿಮಾ ನೋಡಿದರು. ಅಷ್ಟು ಸಣ್ಣ ಊರಲ್ಲಿ, ಪ್ರೊಜೆಕ್ಟರು-ರೀಲು ಹೊತ್ತು ತರಬೇಕಿದ್ದ ಕಾಲದಲ್ಲಿ.

ಈಗ ನಮ್ಮ ಬೆಳಗಾವಿ. ಗಣಪತಿ ಹಬ್ಬಕ್ಕೆ ಓಣಿಗೊಂದು ಮಂಡಳ, ಮಂಡಳಕ್ಕೊಂದು ಮಂಟಪ, ಲೈಟು, ಸೌಂಡು ಎಲ್ಲ ಇದೆ. ವರ್ಗಣಿ ಎತ್ತುವ ಹುಡುಗರೂ ಇದ್ದಾರೆ. ನಿರ್ಮಾಪಕರ ಹತ್ತಿರ ಅನುಮತಿ ಪಡೆದು, ಅವರಿಗೆ ಸಲ್ಲಬೇಕಾದ ಹಣ ಕೊಟ್ಟು, ಒಂದು ಸಂಜೆ 'ತಿಥಿ'ಯನ್ನೋ 'ಶಿವಮ್ಮ'ನನ್ನೋ ತೋರಿಸಲು ಎಷ್ಟು ಖರ್ಚಾದೀತು? ಡಾಲ್ಬಿಗೆ ಸುರಿಯುವ ಹಣದಲ್ಲಿ ಒಂದು ಚೂರು ಸಾಕು. ನನ್ನ ಐದಾರು ಗೆಳೆಯರು, ಕನ್ನಡದವರೂ ಮರಾಠಿಯವರೂ, ಇದಕ್ಕೆ ಹೂಂ ಅಂದಿದ್ದಾರೆ. ಮರಾಠಿ ಗೆಳೆಯನ ಷರತ್ತು ಒಂದೇ: 'ಮುಂದಿನ ಸಲ ಫಂಡ್ರಿ ಹಾಕ್ಬೇಕ.' ಒಪ್ಪಿಕೊಂಡಿದ್ದೇವೆ.

ಹೊಸದಾಗಿ ಶುರು ಮಾಡುವವರಿಗೆ ನನ್ನ ಸಲಹೆ: ಮೊದಲು 'ತಿಥಿ' ನೋಡಿ, ನಕ್ಕು ಹಗುರಾಗಿ. ಆಮೇಲೆ 'ಶಿವಮ್ಮ', ಮನೆಯ ಹಿರಿಯರ ಜೊತೆ. 'ಹರಿವು' ಮಾತ್ರ ರಾತ್ರಿ ಬಸ್ಸು ಹತ್ತುವ ದಿನ ಬೇಡ. ಮುಂದೆ ಇಂಥ ಸಿನಿಮಾ ಊರಿಗೆ ಬಂದರೆ 'ಮುಂದಿನ ವಾರ ನೋಡಿದ್ರಾಯ್ತು' ಅನ್ನಬೇಡಿ, ಮೊದಲ ಭಾನುವಾರವೇ ಹೋಗಿ. ಏಳು ಜನ ಇದ್ದ ಕಡೆ ನೀವು ಮೂವರು ಬಂದರೆ ಸಾಕು, ಶೋ ಹಾಕ್ತಾರೆ. ನಿಮ್ಮೂರಿನ ಮಾತನ್ನು ಮರ್ಯಾದೆಯಿಂದ ಆಡಿದ ಸಿನಿಮಾ ಯಾವುದು ಅಂತ ನೀವೂ ಬರೆದು ತಿಳಿಸಿ. ನಮ್ಮ ಪಟ್ಟಿ ಇನ್ನೂ ಸಣ್ಣದಿದೆ.