ಅಕಿಲೀಸನ ಹಿಮ್ಮಡಿ, ದುರ್ಯೋಧನನ ತೊಡೆ: ತರಗತಿಯಲ್ಲಿ ಆತ್ಮಪರೀಕ್ಷೆಯ ಪಾಠ

ಕಮಲನಗರ: ‘ನಿನ್ನ ದೌರ್ಬಲ್ಯವೇನು?’ ಎಂದು ಒಂಬತ್ತನೆಯ ತರಗತಿಯ ವಿದ್ಯಾರ್ಥಿಯನ್ನು ನೇರವಾಗಿ ಕೇಳಿದರೆ ಸಾಮಾನ್ಯವಾಗಿ ದೊರೆಯುವ ಉತ್ತರಗಳು ಎರಡೇ: ಒಂದು ಮೌನ, ಇನ್ನೊಂದು ‘ಗಣಿತ’. ಎಸ್ಸೆಸ್ಸೆಲ್ಸಿ ಫಲಿತಾಂಶದ ಜಿಲ್ಲಾವಾರು ಪಟ್ಟಿಯಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳು ಹಲವು ವರ್ಷ ಕೆಳಗಿನ ಸಾಲಿನಲ್ಲಿಯೇ ಕಾಣಿಸಿಕೊಂಡಿವೆ. ಇಂಥ ಕಡೆ ಬೆಳೆಯುವ ಮಗು ತನ್ನನ್ನು ತಾನು ಅಂಕಪಟ್ಟಿಯ ಭಾಷೆಯಲ್ಲಿ ಮಾತ್ರ ಅರಿಯಲು ಕಲಿಯುವುದು ಅಸಹಜವಲ್ಲ. ಮಗುವಿಗೆ ಸ್ವಭಾವದ ಕುರಿತು ಮಾತನಾಡಲು ಬೇರೊಂದು ಭಾಷೆ ಬೇಕು. ಗ್ರೀಕ್ ಪುರಾಣವು ಅಂಥದೊಂದು ಭಾಷೆಯನ್ನು ಒದಗಿಸಬಲ್ಲದು.

ದೂರದ ಗ್ರೀಸಿನ ಕಥೆ ಗಡಿಭಾಗದ ಶಾಲೆಗೇಕೆ ಎಂಬ ಪ್ರಶ್ನೆ ಏಳುತ್ತದೆ. ಇಲ್ಲಿನ ತರಗತಿಯಲ್ಲಿ ಕೆಲವರ ಮನೆಮಾತು ಕನ್ನಡ, ಕೆಲವರದು ಮರಾಠಿ, ಮತ್ತೆ ಕೆಲವರದು ಉರ್ದು. ಅಕಿಲೀಸ್, ಒಡಿಸ್ಸಿಯಸ್ ಎಂಬ ಹೆಸರುಗಳು ಎಲ್ಲರಿಗೂ ಸಮಾನವಾಗಿ ಅಪರಿಚಿತ. ಅವರಿಗೆ ಇಲ್ಲಿ ಭಕ್ತರೂ ಇಲ್ಲ. ರಾಮನ ತಪ್ಪನ್ನು ಎತ್ತಿ ಆಡಲು ಅಂಜುವ ಹುಡುಗನು ಅಕಿಲೀಸನ ತಪ್ಪನ್ನು ನಿರ್ಭಯವಾಗಿ ಚರ್ಚಿಸುತ್ತಾನೆ. ಅಲ್ಲದೆ ಇದು ಕಲಿಕೆಗಾಗಿ ಅಡೆತಡೆ ದಾಟಿದ ನೆಲ. 1890ರಲ್ಲಿ ಕಮಲನಗರದಲ್ಲಿ ಜನಿಸಿದ ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ನಿಜಾಮರ ಆಳ್ವಿಕೆಯಲ್ಲಿ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ಸಂಗತಿ ಈ ಭಾಗದಲ್ಲಿ ಮನೆಮಾತಾಗಿದೆ.

ಅಕಿಲೀಸನ ಹಿಮ್ಮಡಿಯ ಕಥೆ ಹಲವರಿಗೆ ಗೊತ್ತು. ತಾಯಿ ಥೆಟಿಸ್ ಮಗುವನ್ನು ಸ್ಟಿಕ್ಸ್ ನದಿಯಲ್ಲಿ ಅದ್ದುವಾಗ ಹಿಡಿದುಕೊಂಡ ಹಿಮ್ಮಡಿಯೊಂದೇ ಒದ್ದೆಯಾಗದೆ ಉಳಿಯಿತು. ಅದೇ ಅವನ ಮೃತ್ಯುಸ್ಥಾನವಾಯಿತು. ಆದರೆ ಈ ಕಥೆ ಹೋಮರನಲ್ಲಿಲ್ಲ. ಅದ್ದಿದ ಪ್ರಸಂಗವು ಕ್ರಿ.ಶ. 1ನೆಯ ಶತಮಾನದ ರೋಮನ್ ಕವಿ ಸ್ಟೇಷಿಯಸನ ಕಾವ್ಯದಲ್ಲಿ ಬರುತ್ತದೆ. ಹೋಮರನ ಅಕಿಲೀಸನ ದೌರ್ಬಲ್ಯ ಕಾಲಿನಲ್ಲಿಲ್ಲ, ಕೋಪದಲ್ಲಿದೆ. ಅಗಮೆಮ್ನಾನ್ ತನ್ನನ್ನು ಅವಮಾನಿಸಿದನೆಂದು ಅವನು ಯುದ್ಧ ತೊರೆದು ಶಿಬಿರದಲ್ಲಿ ಕುಳಿತ. ಅವನ ಕವಚ ತೊಟ್ಟು ಹೋದ ಆಪ್ತಮಿತ್ರ ಪೆಟ್ರೋಕ್ಲಸ್ ಹತನಾದ.

ಇದಕ್ಕೆ ಸರಿಸಾಟಿಯಾದದ್ದು ನಮ್ಮಲ್ಲಿಯೇ ಇದೆ. ಗಾಂಧಾರಿಯ ದೃಷ್ಟಿ ಬೀಳದ ಕಾರಣ ದುರ್ಯೋಧನನ ತೊಡೆ ಮಾತ್ರ ದುರ್ಬಲವಾಗಿ ಉಳಿಯಿತೆಂಬ ಜನಪ್ರಿಯ ಕಥೆಯೂ ವ್ಯಾಸಭಾರತದಲ್ಲಿಲ್ಲ. ಅಲ್ಲಿ ಅವನು ಸಭೆಯಲ್ಲಿ ದ್ರೌಪದಿಗೆ ತೊಡೆ ತೋರಿಸಿದ; ಮೈತ್ರೇಯ ಮುನಿ ಹಿತ ಹೇಳುವಾಗ ಕಿವಿಗೊಡದೆ ತೊಡೆ ತಟ್ಟಿದ. ಭೀಮನ ಪ್ರತಿಜ್ಞೆಗೂ ಮುನಿಯ ಶಾಪಕ್ಕೂ ಗುರಿಯಾದದ್ದು ಆ ತೊಡೆಯೇ. ಹುಟ್ಟಿನಿಂದ ಬಂದ ಕೊರತೆ ಬೇರೆ, ನಡತೆಯಿಂದ ತಂದುಕೊಂಡ ಕೊರತೆ ಬೇರೆ ಎಂಬುದನ್ನು ವಿವರಿಸಲು ಈ ಎರಡು ಕಥೆಗಳನ್ನು ಅಕ್ಕಪಕ್ಕ ಇಟ್ಟರೆ ಸಾಕು. ದುರ್ಯೋಧನನ ದೋಷವನ್ನಷ್ಟೇ ಹೇಳಿದರೆ ಪಾಠ ಅರ್ಧವಾದೀತು. ಪಂಪನು ಭಾರತದ ವೀರರನ್ನು ಒಬ್ಬೊಬ್ಬರ ಹೆಗ್ಗುಣದಿಂದ ನೆನೆಯುವಾಗ ಛಲಕ್ಕೆ ಆರಿಸಿದ್ದು ದುರ್ಯೋಧನನನ್ನೇ.

ಗುಣವೇ ದೋಷವಾಗುವ ಬಗೆಗೆ ಒಡಿಸ್ಸಿಯಸನಿಗಿಂತ ಒಳ್ಳೆಯ ನಿದರ್ಶನ ಸಿಗಲಾರದು. ಒಕ್ಕಣ್ಣ ದೈತ್ಯ ಪಾಲಿಫೀಮಸನ ಗುಹೆಯಲ್ಲಿ ಸಿಲುಕಿದಾಗ ಅವನು ತನ್ನ ಹೆಸರು ‘ಯಾರೂ ಅಲ್ಲ’ ಎಂದು ಸುಳ್ಳು ಹೇಳಿ, ದೈತ್ಯನ ಕಣ್ಣು ಇರಿದು ಪಾರಾಗುತ್ತಾನೆ. ಅಲ್ಲಿಗೇ ಸುಮ್ಮನಿದ್ದರೆ ಆಗಿತ್ತು. ಹಡಗು ದಡ ಬಿಟ್ಟ ಮೇಲೆ ಜಂಬ ತಡೆಯಲಾರದೆ ನಿಜವಾದ ಹೆಸರನ್ನು ಕೂಗಿ ಹೇಳುತ್ತಾನೆ. ದೈತ್ಯನ ತಂದೆ ಸಮುದ್ರದೇವತೆ ಪೊಸೈಡನ್ನನ ಮುನಿಸು ಅವನನ್ನು ವರ್ಷಗಟ್ಟಲೆ ಕಾಡುತ್ತದೆ. ಶಿಕ್ಷಕರು ಕಥೆಯನ್ನು ಹಡಗು ಹೊರಟಲ್ಲಿಗೇ ನಿಲ್ಲಿಸಿ, ‘ನೀನಾಗಿದ್ದರೆ ಕೂಗುತ್ತಿದ್ದೆಯಾ?’ ಎಂದು ಕೇಳಬೇಕು. ಉತ್ತರವನ್ನು ಮಕ್ಕಳು ಬರೆದು ತಮ್ಮಲ್ಲೇ ಇಟ್ಟುಕೊಳ್ಳಲಿ. ಗಟ್ಟಿಯಾಗಿ ಓದಿಸುವುದು, ಅಂಕ ನೀಡುವುದು ಎರಡೂ ಸಲ್ಲದು. ‘ನೀನು ಯಾವ ಗ್ರೀಕ್ ದೇವತೆ?’ ಎಂಬ ಬಗೆಯ ಆಟಗಳಿಂದಲೂ ದೂರವಿರುವುದು ಲೇಸು. ಅದು ದಡ್ಡ, ಜಾಣ ಎಂಬ ಹಳೆಯ ಹಣೆಪಟ್ಟಿಯ ಜಾಗದಲ್ಲಿ ಹೊಸದೊಂದನ್ನು ಅಂಟಿಸಿದಂತೆ.

ಗ್ರೀಕ್ ಕಥೆಯನ್ನು ಕನ್ನಡಕ್ಕೆ ಒಗ್ಗಿಸುವ ದಾರಿ ಹಳೆಯದು. ಸೊಫೋಕ್ಲೀಸನ ‘ಏಜಾಕ್ಸ್’ ನಾಟಕವನ್ನು ಮಾದರಿಯಾಗಿಟ್ಟುಕೊಂಡು ಬಿ.ಎಂ.ಶ್ರೀ. 1929ರಲ್ಲಿ ‘ಅಶ್ವತ್ಥಾಮನ್’ ರಚಿಸಿದರು. ಏಜಾಕ್ಸ್ ಅಪ್ರತಿಮ ವೀರ. ಮೃತ ಅಕಿಲೀಸನ ಆಯುಧಗಳು ತನಗೆ ಸಲ್ಲದೆ ಒಡಿಸ್ಸಿಯಸನಿಗೆ ಸಂದವೆಂಬ ಅವಮಾನದಿಂದ ಬುದ್ಧಿಗೆಟ್ಟು, ಶತ್ರುಗಳೆಂದು ಭ್ರಮಿಸಿ ದನಕುರಿಗಳನ್ನು ಕಡಿದು ಕೆಡವುತ್ತಾನೆ. ಎಚ್ಚರವಾದಾಗ ನಾಚಿಕೆಯಿಂದ ಪ್ರಾಣ ಕಳೆದುಕೊಳ್ಳುತ್ತಾನೆ. ಸ್ಪರ್ಧೆಯಲ್ಲಿ ಸೋತವನ ಈ ಕಥೆ ಫಲಿತಾಂಶದ ದಿನಗಳ ಸುದ್ದಿಗಳಿಗೆ ತೀರ ಹತ್ತಿರದ್ದು. ಆದುದರಿಂದಲೇ ಇದನ್ನು ಕಾಲೇಜು ಹಂತಕ್ಕೆ ಮೀಸಲಿಟ್ಟು, ಎಚ್ಚರದಿಂದ ಬೋಧಿಸಬೇಕು. ಯಾವುದೇ ವಿದ್ಯಾರ್ಥಿಯ ಮಾತಿನಲ್ಲಿ ಹತಾಶೆ ಕಂಡರೆ ಪಾಠವನ್ನು ಬದಿಗಿಟ್ಟು ಪಾಲಕರೊಂದಿಗೆ, ಆಪ್ತಸಮಾಲೋಚಕರೊಂದಿಗೆ ಮಾತನಾಡುವುದು ಅವಶ್ಯ.

ನಾಟಕ ಏಜಾಕ್ಸನ ಸಾವಿಗೆ ಮುಗಿಯುವುದಿಲ್ಲ. ಶವಸಂಸ್ಕಾರವನ್ನೇ ನಿರಾಕರಿಸಲು ಸೇನಾನಾಯಕರು ಮುಂದಾದಾಗ ಅವನ ಪರ ನಿಂತು ವಾದಿಸುವವನು ಪ್ರತಿಸ್ಪರ್ಧಿ ಒಡಿಸ್ಸಿಯಸನೇ. ಅಕಿಲೀಸನನ್ನು ಬಿಟ್ಟರೆ ಗ್ರೀಕರಲ್ಲಿ ಇವನಂಥ ವೀರನಿಲ್ಲವೆಂದು ಅವನು ಒಪ್ಪಿಕೊಳ್ಳುತ್ತಾನೆ. ಈ ದೃಶ್ಯ ಓದಿಸಿದ ಬಳಿಕ ಕೊಡಬಹುದಾದ ಬರವಣಿಗೆ ಒಂದೇ ಸಾಲಿನದು: ತನಗಿಂತ ಹೆಚ್ಚು ಅಂಕ ಪಡೆದವನದಲ್ಲ, ತಾನು ಸೋಲಿಸಿದ ಸಹಪಾಠಿಯ ಒಂದು ಸಾಮರ್ಥ್ಯ.