ಮೊಬೈಲಿನ ಕೀಲಿಯೂ ಮನೆಯ ಮಕ್ಕಳೂ

ಹಿಂದೆ ಬೆಲ್ಲದ ಗಡಿಗೆಯನ್ನು ನೆಲುವಿನಲ್ಲಿ ಇಡುತ್ತಿದ್ದರು. ಮಗುವಿಗೆ ಅದು ಎಟುಕದು ಎಂಬುದೇ ಅದರ ರಕ್ಷಣೆ. ಮೊಬೈಲಿಗೆ ಹಾಕುವ ಕೀಲಿಯೂ ಇಂಥದೇ ಒಂದು ನಂಬಿಕೆಯ ಮೇಲೆ ನಿಂತಿದೆ. ಯಂತ್ರದ ಮರ್ಮ ಮಕ್ಕಳಿಗಿಂತ ಹಿರಿಯರಿಗೆ ಹೆಚ್ಚು ತಿಳಿದಿರುತ್ತದೆ ಎಂಬುದೇ ಆ ನಂಬಿಕೆ. ನಮ್ಮ ನಿಂಬರ್ಗಾದಂತಹ ಊರುಗಳಲ್ಲಿ ಅದು ತಲೆಕೆಳಗಾಗಿರುವುದನ್ನು ನಾನು ದಿನವೂ ಕಾಣುತ್ತೇನೆ.

ಗೂಗಲ್ ಕಂಪನಿಯು 2017ರಲ್ಲಿ ಹೊರತಂದ ‘ಫ್ಯಾಮಿಲಿ ಲಿಂಕ್’ ಎಂಬ ಏರ್ಪಾಟಿನಲ್ಲಿ ಮಗುವಿನ ಖಾತೆಗೆ ಹುಟ್ಟಿದ ವರ್ಷವನ್ನು ಕೊಡಬೇಕು. ದಿನಕ್ಕೆ ಇಷ್ಟೇ ಹೊತ್ತು ಎಂದು ಹಿರಿಯರು ತಮ್ಮ ಫೋನಿನಿಂದಲೇ ಗೊತ್ತುಮಾಡಬಹುದು. ಆಪಲ್ ಕಂಪನಿಯ ‘ಸ್ಕ್ರೀನ್ ಟೈಮ್’ 2018ರಲ್ಲಿ ಬಂದಿತು. ಮಕ್ಕಳು ಬಹುಬೇಗ ದಾರಿ ಕಂಡುಕೊಂಡರು. ರಾತ್ರಿ 9ಕ್ಕೆ ಮುಚ್ಚಬೇಕಾದ ಫೋನಿನ ಗಡಿಯಾರವನ್ನು ಹಿಂದಕ್ಕೆ ಸರಿಸಿದರೆ 9 ಹೊಡೆಯುವುದೇ ಇಲ್ಲ! ಹೊತ್ತು ತೀರಿದ ಆಟವನ್ನು ಅಳಿಸಿ ಮತ್ತೆ ಇಳಿಸಿಕೊಂಡರೆ ಲೆಕ್ಕ ಮೊದಲಿನಿಂದ ಆರಂಭ. ಇಂಥ ಕಿಂಡಿಗಳನ್ನು ಕಂಪನಿಗಳು ಮುಚ್ಚುತ್ತಲೇ ಇವೆ.

ಬೆರಳಚ್ಚಿನ ಕೀಲಿಯೂ ಉಳಿಯಲಿಲ್ಲ. 2016ರಲ್ಲಿ ಅಮೆರಿಕದ ಅರ್ಕಾನ್ಸಾ ರಾಜ್ಯದ ಆರು ವರ್ಷದ ಹುಡುಗಿಯೊಬ್ಬಳು ನಿದ್ರಿಸುತ್ತಿದ್ದ ತಾಯಿಯ ಹೆಬ್ಬೆರಳನ್ನು ಫೋನಿಗೆ ಒತ್ತಿ 250 ಡಾಲರಿನ ಆಟಿಕೆಗಳನ್ನು ತರಿಸಿದಳು. ಗೆರೆ ಎಳೆದು ತೆರೆಯುವ ಕೀಲಿಯಂತೂ ಗಾಜಿನ ಮೇಲೆ ಬೆರಳಿನ ಜಿಡ್ಡನ್ನೇ ಸಾಕ್ಷಿಯಾಗಿ ಬಿಡುತ್ತದೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2010ರಲ್ಲಿಯೇ ಇದನ್ನು ತೋರಿಸಿದರು. ಫೋನನ್ನು ಬೆಳಕಿಗೆ ಓರೆಯಾಗಿ ಹಿಡಿದರಾಯಿತು.

ನಮ್ಮಲ್ಲಿ ಇಷ್ಟು ಸಾಹಸವೂ ಬೇಕಿಲ್ಲ. ಮೇಲಿನ ಏರ್ಪಾಟುಗಳೆಲ್ಲ ಮಗುವಿಗೊಂದು, ಹಿರಿಯರಿಗೊಂದು ಫೋನು ಇದೆಯೆಂದು ಭಾವಿಸುತ್ತವೆ. ಇಲ್ಲಿ ಎಷ್ಟೋ ಮನೆಗಳಲ್ಲಿ ಇರುವುದೇ ಒಂದು. 2020ರಲ್ಲಿ ಶಾಲೆಗಳು ಮುಚ್ಚಿದಾಗ ಅದೇ ಪಾಠದ ಪುಸ್ತಕವೂ ಆಯಿತು. ಖಾತೆಯಲ್ಲಿರುವುದು ಅಪ್ಪನ ಹುಟ್ಟಿದ ವರ್ಷ. ಆದುದರಿಂದ ಹತ್ತು ವರ್ಷದ ಹುಡುಗನು ಯಂತ್ರದ ಕಣ್ಣಿಗೆ ನಲವತ್ತರ ಗೃಹಸ್ಥ! ಆ ಖಾತೆಯನ್ನು ತೆರೆದುಕೊಟ್ಟವನೂ ಅವನೇ. ಬ್ಯಾಂಕಿನ ಸಂದೇಶ ಬಂದರೆ ಅಪ್ಪ, “ಏನ್ ಬಂದದ, ಓದೋ ತಮ್ಮಾ” ಎನ್ನುತ್ತಾನೆ. ಹೀಗೆ ಮನೆಯ ಗುಮಾಸ್ತನಾದ ಹುಡುಗನಿಂದ ಫೋನನ್ನು ಕಸಿದುಕೊಂಡರೆ ಅಪ್ಪನ ವ್ಯವಹಾರವೇ ನಿಲ್ಲುತ್ತದೆ. (ಕಸಿದುಕೊಳ್ಳುವುದು ಬಹುಶಃ ಮಗಳಿಂದಲೇ ಮೊದಲು, ಇದು ನನಗೆ ಒಪ್ಪಿಗೆಯಿಲ್ಲ.)

ಆಟದ ಹೊತ್ತಿಗಿಂತ ನನಗೆ ದೊಡ್ಡದಾಗಿ ತೋರುವುದು ಹಣದ ಮಾತು. ಯುಪಿಐ ಗುಪ್ತಸಂಖ್ಯೆಯನ್ನು ಮಗನೇ ಹಾಕಿಕೊಟ್ಟ ಮೇಲೆ ಅದು ಗುಪ್ತವಾದುದು ಯಾರಿಂದ? 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು 18 ವರ್ಷ ತುಂಬದವರ ಮಾಹಿತಿಯನ್ನು ಬಳಸುವ ಮುನ್ನ ತಂದೆ ತಾಯಿಗಳ ಒಪ್ಪಿಗೆ ಬೇಕೆನ್ನುತ್ತದೆ. ಒಪ್ಪಿಗೆ ಕೇಳುವ ಸಂದೇಶವೂ ಆ ಒಂದೇ ಫೋನಿಗೆ ಬಂದರೆ ಉತ್ತರಿಸುವವನು ಯಾರೆಂದು ಊಹಿಸಬಹುದು.

ಒಂದೇ ಫೋನಿರುವ ಮನೆಗೆ ಒದಗುವ ಸಾಧನವೂ ಒಂದುಂಟು. ಆಂಡ್ರಾಯ್ಡ್ ಫೋನುಗಳಲ್ಲಿ 2014ರಿಂದ ‘ಪಿನ್’ ಮಾಡುವ ಸೌಕರ್ಯವಿದೆ. ಪಾಠವನ್ನು ತೆರೆದು ಪಿನ್ ಮಾಡಿ ಕೊಟ್ಟರೆ, ಗುಪ್ತಸಂಖ್ಯೆಯಿಲ್ಲದೆ ಬೇರೆ ಕಡೆಗೆ ಹೋಗಲಾಗದಂತೆ ಮಾಡಬಹುದು. ಆದರೆ ಆ ಸಂಖ್ಯೆಯನ್ನು ಅಪ್ಪನೋ ಅವ್ವನೋ ಸ್ವತಃ ಒತ್ತಬೇಕು. ರಜೆಯಲ್ಲಿ ಊರಿಗೆ ಹೋಗುವ ನಮ್ಮ ಕಾಲೇಜಿನ ಗೆಳೆಯರು ಇಷ್ಟನ್ನು ನೆರೆಮನೆಯವರಿಗೆ ಅರ್ಧ ಗಂಟೆಯಲ್ಲಿ ಕಲಿಸಬಲ್ಲರು. ಕಲಿಸುವಾಗ ಮಕ್ಕಳನ್ನು ಮಾತ್ರ ಅಂಗಳಕ್ಕೆ ಕಳಿಸಿರಬೇಕು.